ತಿರುಗಿಸಿ ಹಾಕಿದ ಮುಖ

ಮುಳ್ಳಕ್ಕನ ಬಾಯಿಗೆ ಬೀಳಬಾರದು ಎನ್ನುವುದನ್ನು ಆ ಬೀದಿಯವರು ಯಾರೂ ಹೇಳಿಕೊಡದೆಯೇ ಕಲಿತುಬಿಡುತ್ತಿದ್ದರು. ಹಾಲು ಹಾಕುವವನು ಅವಳ ಬಾಗಿಲಲ್ಲಿ ಸೈಕಲ್ ಗಂಟೆ ಬಾರಿಸುತ್ತಿರಲಿಲ್ಲ. ಕರೆಂಟ್ ಬಿಲ್ಲಿನವನು ಚೀಟಿಯನ್ನು ಬಾಗಿಲ ಸಂದಿಗೆ ತುರುಕಿ ಹಿಂತಿರುಗಿ ನೋಡದೆ ಹೆಜ್ಜೆ ಹಾಕುತ್ತಿದ್ದ. ಆ ಅಡ್ಡಹೆಸರು ನಾಲಗೆಯಿಂದ ಬಂತೋ ಕಸುಬಿನಿಂದ ಬಂತೋ ಎಂದು ಕೇಳಿದರೆ ಎರಡರಿಂದಲೂ ಎನ್ನಬೇಕು. ಶಾಲೆ ಕಾಲೇಜುಗಳಿಗೆ ರಟ್ಟಿನಲ್ಲಿ ಗಣಿತದ ಮಾದರಿ ಮಾಡಿಕೊಡುವುದು ಅವಳ ಕೆಲಸ. ಘನ, ಶಂಕು, ಪಿರಮಿಡ್ಡು, ಕೇಳಿದ್ದನ್ನು ಮಾಡುತ್ತಿದ್ದಳು. ಆದರೆ ಮನಸ್ಸಿದ್ದದ್ದು ನಕ್ಷತ್ರಗಳ ಮೇಲೆ. ಕಾಗದದ ಮೇಲೆ ಬರೆಯುವ ಚಪ್ಪಟೆ ನಕ್ಷತ್ರವಲ್ಲ, ಎಲ್ಲ ದಿಕ್ಕಿಗೂ ಒಂದೇ ಅಳತೆಯ ಮುಳ್ಳು ಚಾಚಿ ನಿಲ್ಲುವಂಥದು, ಯಾವ ಕಡೆಯಿಂದ ಹಿಡಿಯಹೋದರೂ ಅಂಗೈಗೆ ಚುಚ್ಚುವಂಥದು. ಮಾಡುವವಳಿಗೂ ಮಾಡಿದ್ದಕ್ಕೂ ಹೋಲಿಕೆ ಇತ್ತು ಎಂದು ಜನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎದುರಿಗೆ ಆಡುವ ಧೈರ್ಯ ಯಾರಿಗಿತ್ತು?

ಅದೇ ಛಾವಣಿಯಡಿ, ಒಂದು ಪ್ಲೈವುಡ್ ಗೋಡೆಯ ಆಚೆ, ಅವಳ ತಮ್ಮನೂ ಅದೇ ಕಸುಬು ಮಾಡುತ್ತಿದ್ದ. ಬೀದಿಯವರು ಅವನನ್ನು ಗೋಂದಣ್ಣ ಎನ್ನುತ್ತಿದ್ದರು, ಬೆರಳಲ್ಲಿ ಸದಾ ಗೋಂದು ಒಣಗಿರುತ್ತಿದ್ದುದರಿಂದ. ಷೆಡ್ಡು ಅಪ್ಪನದು. ಅಪ್ಪ ಇರುವವರೆಗೆ ಒಂದೇ ಮೇಜು, ಒಂದೇ ಕಿಟಕಿ. ಅಪ್ಪ ಹೋದ ತಿಂಗಳಲ್ಲೇ ಗೋಡೆ ಎದ್ದಿತು. ಕಿಟಕಿಯ ನಟ್ಟನಡುವೆಯೇ ಎದ್ದದ್ದರಿಂದ ಇಬ್ಬರಿಗೂ ಅರ್ಧರ್ಧ ಬೆಳಕು. ಅಂದಿನಿಂದ ಅಕ್ಕತಮ್ಮಂದಿರಿಗೆ ಮಾತಿಲ್ಲ. ಮುಳ್ಳಕ್ಕ ಅವನನ್ನು ಅಪ್ಪಿತಪ್ಪಿಯೂ ತಮ್ಮ ಎನ್ನುತ್ತಿರಲಿಲ್ಲ; "ಗೋಡೆಯಾಚೆಯವನು" ಎನ್ನುತ್ತಿದ್ದಳು. ಅವನೇನು ಕಮ್ಮಿಯಲ್ಲ, ಅವಳಿಗೆ "ಆ ಕಡೆ" ಎನ್ನುತ್ತಿದ್ದ, ಅವಳೊಂದು ದಿಕ್ಕು ಎಂಬಂತೆ. ನಡುವೆ ಸಿಕ್ಕಿ ಸವೆಯುತ್ತಿದ್ದವಳು ಅವನ ಹೆಂಡತಿ.

"ದೊಡ್ಡ ಕತ್ತರಿ ಕೊಟ್ಟು ಕಳಿಸು ಅಂತ ಹೇಳು ಆ ಗೋಡೆಯಾಚೆಯವನಿಗೆ," ಎಂದು ಮುಳ್ಳಕ್ಕ ಕೂಗುವಳು.

"ಕೇಳಿಸ್ತು ಅಂತ ಹೇಳು," ಎಂದು ಆಚೆಯಿಂದ ಅವನು ಕೂಗುವನು.

"ಅತ್ತಿಗೆ, ಕೇಳಿಸ್ತಂತೆ," ಎಂದು ಅವನ ಹೆಂಡತಿ ಕತ್ತರಿ ಹಿಡಿದು, ಅಂಗಳ ಸುತ್ತಿ, ಈ ಬಾಗಿಲಿಗೆ ಬರುವಳು. ಪ್ಲೈವುಡ್ಡಿನಾಚೆ ಕೆಮ್ಮಿದರೂ ಕೇಳಿಸುತ್ತಿತ್ತು. ಆದರೂ ಅವಳು ಸುತ್ತಿ ಬರಲೇಬೇಕು, ಅದು ಆ ಮನೆಯ ಮರ್ಯಾದೆ.

ಜಗಳ ಜಾಗಕ್ಕಲ್ಲ. ಜಗಳ ಹೊಟ್ಟೆಯದು. ಹೊಟ್ಟೆ ಎಂದರೆ ಊಟದ ಮಾತಲ್ಲ. ಅಪ್ಪನ ಷೆಡ್ಡಿನ ಭಾಷೆ ಅದು. ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಮುಳ್ಳಕ್ಕ ಇದನ್ನು ಯಾರಿಗೂ ತಾಳ್ಮೆಯಿಂದ ಹೇಳಿದವಳಲ್ಲವಾದ್ದರಿಂದ ಆ ಕೆಲಸ ಬೇರೆಯವರ ಪಾಲಿಗೆ ಬಂದಿದೆ.

ಮಕ್ಕಳು ಪೆನ್ಸಿಲ್ ಎತ್ತದೆ ಐದು ಮೊನೆಯ ನಕ್ಷತ್ರ ಬರೆಯುತ್ತಾರಲ್ಲ, ಅದನ್ನು ರಟ್ಟಿನಲ್ಲಿ ಕತ್ತರಿಸಿಕೊಳ್ಳಿ. ನಡುವೆ ಐದು ಮೂಲೆಯ ಬಯಲು, ಸುತ್ತ ಐದು ಮೊನೆ. ನಡುವಿನ ಬಯಲಿಗೆ ಷೆಡ್ಡಿನಲ್ಲಿ ಹೊಟ್ಟೆ ಎಂದು ಹೆಸರು, ಇಡೀ ತುಂಡಿಗೆ ಮುಖ ಎಂದು ಹೆಸರು. ಇಂಥ ಹನ್ನೆರಡು ಮುಖಗಳನ್ನು ಒಂದರೊಳಗೊಂದು ಹಾಯಿಸಿ ಕೂಡಿಸಿದರೆ ಹನ್ನೆರಡು ಮುಳ್ಳಿನ ಉಬ್ಬುನಕ್ಷತ್ರ ಏಳುತ್ತದೆ. ವಿಚಿತ್ರವೇನೆಂದರೆ, ಕೂಡಿದ ಮೇಲೆ ಯಾವ ಮುಖದ ಹೊಟ್ಟೆಯೂ ಹೊರಗೆ ಕಾಣುವುದಿಲ್ಲ. ಪ್ರತಿ ಹೊಟ್ಟೆಯ ಮೇಲೂ ನೆರೆಯ ಐದು ಮುಖಗಳು ಒಂದೊಂದು ಮೊನೆ ಚಾಚಿ, ತುದಿ ಕೂಡಿಸಿ, ಒಂದು ಮುಳ್ಳಾಗಿ ನಿಂತುಬಿಡುತ್ತವೆ. ಹೊರಗಿನಿಂದ ಎಣಿಸುವವನಿಗೆ ಸಿಗುವುದು ಅರವತ್ತು ಬಿಡಿ ತ್ರಿಕೋನ. ಒಳಗಿನದನ್ನು ಬಲ್ಲವರಿಗೆ ಹನ್ನೆರಡೇ ಮುಖ.

ಗೋಂದಣ್ಣ ಮಾಡುತ್ತಿದ್ದದ್ದು ಅರವತ್ತು ತ್ರಿಕೋನದ ನಕ್ಷತ್ರ. ತ್ರಿಕೋನ ಕತ್ತರಿಸು, ಐದೈದು ಸೇರಿಸಿ ಮುಳ್ಳು ಮಾಡು, ಮುಳ್ಳಿಗೆ ಮುಳ್ಳು ಅಂಟಿಸು, ಮುಗಿಯಿತು. ಒಳಗೆ ಗಾಳಿ. ಮುಳ್ಳಕ್ಕ ಹನ್ನೆರಡು ಪೂರ್ತಿ ಮುಖ ಕತ್ತರಿಸಿ, ಒಂದಕ್ಕೊಂದು ಕಚ್ಚಿಸಿ, ಗೋಂದಿನ ತೊಟ್ಟೂ ಇಲ್ಲದೆ ನಿಲ್ಲಿಸುತ್ತಿದ್ದಳು. ಮೇಜಿನ ಮೇಲಿಟ್ಟರೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಅದೇ ಅವಳಿಗೆ ಉರಿಯುತ್ತಿದ್ದ ಸಂಗತಿ.

"ಒಳಗೆ ಯಾರು ಇಣುಕಿ ನೋಡ್ತಾರೆ ಅಂತ ಕೇಳು ಆ ಕಡೆಗೆ."

"ಮನುಷ್ಯನಿಗೂ ಹೊಟ್ಟೆ ಒಳಗೇ ಇರೋದು, ಅದಿಲ್ದೆ ಬದುಕಿ ತೋರ್ಸು ಅಂತ ಹೇಳು ಅವನಿಗೆ. ಅಪ್ಪನ ಹೆಸರಿಗೆ ಮಸಿ ಬಳೀತಾ ಕೂತಿದಾನೆ. ಅಪ್ಪ ಪೂರ್ತಿ ಮುಖ ಹಾಕ್ತಿದ್ದ. ಬೇಕಾದ್ರೆ ಕಾಲೇಜಿಗೆ ಹೋಗಿ ನೋಡ್ಲಿ."

ಕಾಲೇಜಿನ ಮಾತು ಬಂದರೆ ಗೋಡೆಯಾಚೆ ಸದ್ದಡಗುತ್ತಿತ್ತು. ಸೋತವನ ಮೌನ ಅದು ಎಂದು ಮುಳ್ಳಕ್ಕ ತಿಳಿದಿದ್ದಳು, ಆ ಹೊತ್ತಿಗೆ ಅವಳ ಕೈ ಇನ್ನಷ್ಟು ಚುರುಕಾಗುತ್ತಿತ್ತು.

ಕಾಲೇಜಿನ ಗ್ರಂಥಾಲಯದ ದೊಡ್ಡ ಹಾಲಿನಲ್ಲಿ, ತೋಳಗಲದ ಒಂದು ನಕ್ಷತ್ರ ತೂಗುತ್ತಿತ್ತು. ಆರು ಬಣ್ಣ, ಎದುರುಬದುರಿನ ಎರಡು ಮುಖಕ್ಕೆ ಒಂದೊಂದು ಬಣ್ಣ. ಕೆಳಗೆ ಮರದ ಹಲಗೆ, ಹಲಗೆಯ ಮೇಲೆ ಅಪ್ಪನ ಹೆಸರು. ಅಪ್ಪನ ಕೈಯಿಂದ ಬಂದ ಕೊನೆಯ ದೊಡ್ಡ ಕೆಲಸ ಅದು. ಅದು ತಯಾರಾಗುವಾಗ ಮುಳ್ಳಕ್ಕ ಊರಲ್ಲಿರಲಿಲ್ಲ. ಕಾಲು ಮುರಿದುಕೊಂಡ ದೊಡ್ಡಮ್ಮನ ಶುಶ್ರೂಷೆಗೆ ಹೋಗಿದ್ದಳು. ಬಂದು ನೋಡುವಾಗ ನಕ್ಷತ್ರ ಹಾಲಿನ ಕೊಕ್ಕೆಗೆ ಏರಿತ್ತು. ಅದರ ಕೆಳಗೆ ಕತ್ತೆತ್ತಿ ನಿಂತವಳು ಕತ್ತು ನೋಯುವವರೆಗೆ ನಿಂತಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ಅವಳು ಆ ನಕ್ಷತ್ರವನ್ನು ನೆನೆದು ಬೇಡವೆಂದಳು ಎಂದು ಬೀದಿಯವರು ಹೇಳುತ್ತಾರೆ. ಅದು ಅತಿಯಾಯಿತು, ನಿಜವೆಂದರೆ ಬಂದ ಗಂಡುಗಳೇ ಅವಳ ನಾಲಗೆಗೆ ಹೆದರಿ ಓಡಿದ್ದರು. ಆದರೆ ಬದುಕಿಡೀ ಅವಳು ಒರಗಿ ನಿಂತ ಗೋಡೆ ಅದೊಂದೇ ಎನ್ನುವುದು ಸುಳ್ಳಲ್ಲ.

ಇನ್ನು ಸೀಳಿನ ಕತೆ. ಮುಖದೊಳಗೆ ಮುಖ ಹಾಯಬೇಕಾದರೆ ಸೀಳು ಬೇಕು. ಎರಡು ಮೊನೆಗಳ ನಡುವಿನ ಸಂದಿನಿಂದ ಶುರುಮಾಡಿ, ಹೊಟ್ಟೆಯ ಅಂಚಿನಗುಂಟ ಅರ್ಧದವರೆಗೆ ಬ್ಲೇಡು ಎಳೆಯಬೇಕು. ಅಲ್ಲಿ ಎದುರಾಗುವ ಮುಖಕ್ಕೆ ಉಳಿದ ಅರ್ಧದಲ್ಲಿ ಸೀಳಿರುತ್ತದೆ, ಎರಡೂ ಕಚ್ಚಿಕೊಳ್ಳುತ್ತವೆ. ಐದು ಸಂದಿಗೆ ಐದು ಸೀಳು, ಎಲ್ಲವೂ ಒಂದೇ ದಿಕ್ಕಿಗೆ, ಮಕ್ಕಳ ಕಾಗದದ ಗಿರಗಿಟ್ಟಲೆಯ ಹಾಗೆ. ಅಪ್ಪ ಸಂದಿನಿಂದ ಬಲಕ್ಕೆ ಸೀಳುತ್ತಿದ್ದ. ಮಗಳೂ ಬಲಕ್ಕೆ. ಮಗ ಎಡಚ, ಅವನ ಕೈ ತಾನಾಗಿ ಎಡಕ್ಕೆ ಹೋಗುತ್ತಿತ್ತು. ಹನ್ನೆರಡೂ ಎಡಸೀಳಾದರೆ ನಕ್ಷತ್ರಕ್ಕೇನೂ ಕೊರತೆಯಿಲ್ಲ, ಅದೂ ಅಷ್ಟೇ ಚೆನ್ನಾಗಿ ಕೂಡುತ್ತದೆ. ಆದರೆ ಎಡಸೀಳೂ ಬಲಸೀಳೂ ಒಂದೇ ನಕ್ಷತ್ರದಲ್ಲಿ ಬೆರೆಯಲಾರವು.

ಅದು ಆ ಮನೆಗೆ ಗೊತ್ತಾದದ್ದು ಮಕ್ಕಳಿಬ್ಬರೂ ಚಿಕ್ಕವರಿದ್ದಾಗ. ಒಂದು ಶಾಲೆಯ ಕೆಲಸಕ್ಕೆ ಅಪ್ಪ ಆರು ಮುಖ ಮಗಳಿಗೆ, ಆರು ಮುಖ ಮಗನಿಗೆ ಹಂಚಿದ. ಕೂಡಿಸಹೋದರೆ ಅಕ್ಕನ ಮುಖಕ್ಕೆ ತಮ್ಮನ ಮುಖ ಸೇರದು. ಎರಡೂ ಒಂದೇ ಕಡೆ ಬಾಯಿ ತೆರೆದು, ಇನ್ನೊಂದು ಕಡೆ ಎದೆಗೆ ಎದೆ ಕೊಟ್ಟು ನಿಂತವು. ಅಪ್ಪ ಅಳತೆ ನೋಡಿದ, ಮೂಲೆ ನೋಡಿದ, ತಲೆ ಕೆರೆದುಕೊಂಡ. ಕಂಡುಹಿಡಿದವಳು ಮಗಳು.

"ಅಪ್ಪಾ, ಇವನದು ಎಡಸೀಳು!"

ಅಪ್ಪ ಮಗನ ಒಂದು ತುಂಡನ್ನು ತೆಗೆದುಕೊಂಡು ಮಗುಚಿ ಹಾಕಿದ. ಮಗುಚಿದರೆ ಎಡಸೀಳು ಬಲಸೀಳಾಗುತ್ತದೆ, ಟಕ್ಕೆಂದು ಕೂತಿತು. ಆದರೆ ಆ ರಟ್ಟಿಗೆ ಒಂದೇ ಕಡೆ ಬಣ್ಣ, ಹಿಂಬದಿ ಬೂದು. ಕೆಂಪು ನೀಲಿಗಳ ನಡುವೆ ಸತ್ತಂಥ ಬೂದು ಮುಖವೊಂದು ಹೊರಗೆ ನೋಡಿತು.

"ನಿನ್ನ ಮುಖ ತಿರುಗಿಸಿ ಹಾಕಿದ್ರೆ ಮಾತ್ರ ಕೂಡುತ್ತೆ ನೋಡೋ, ಎಡಚ!" ಎಂದು ಅಪ್ಪ ನಕ್ಕ. ಅಕ್ಕ ಇನ್ನೂ ಜೋರಾಗಿ ನಕ್ಕಳು. ಆಮೇಲೆ ಅಪ್ಪ ಹಳೇ ಬಟ್ಟೆಯ ಪಟ್ಟಿ ಹರಿದು ಹುಡುಗನ ಎಡಗೈಯನ್ನು ಬೆನ್ನ ಹಿಂದೆ ಸೊಂಟಕ್ಕೆ ಕಟ್ಟಿದ, ಬಲಗೈ ರೂಢಿಯಾಗಲೆಂದು. ಅಪ್ಪನ ಗಂಟು ಸಡಿಲವಾಗಿ ಜಾರುತ್ತಿತ್ತು. ಮಾರನೆಯ ದಿನದಿಂದ ಗಂಟು ಹಾಕುವ ಕೆಲಸ ಮಗಳದಾಯಿತು. ಅವಳ ಗಂಟು ಜಾರುತ್ತಿರಲಿಲ್ಲ.

ಹುಡುಗನ ಬಲಗೈಗೆ ತ್ರಿಕೋನ ಕತ್ತರಿಸಲು ಬಂತು, ಗೋಂದು ಬಳಿಯಲು ಬಂತು. ನೆಟ್ಟಗೆ ಒಂದು ಸೀಳು ಎಳೆಯಲು ಕೊನೆಗೂ ಬರಲಿಲ್ಲ. ಗೋಂದಣ್ಣ ಹುಟ್ಟಿದ್ದು ಹೀಗೆ.

ಇಷ್ಟಾಗಿ ಈಗ ನಡೆದದ್ದಕ್ಕೆ ಬರೋಣ. ಗ್ರಂಥಾಲಯದ ಹಾಲಿಗೆ ಸುಣ್ಣ ಬಳಿಯಲೆಂದು ನಕ್ಷತ್ರವನ್ನು ಕೆಳಗಿಳಿಸಿದರು. ಇಳಿಸಿ ನೋಡಿದರೆ ಕಿಟಕಿಯ ಕಡೆಗಿದ್ದ ಹಳದಿ ಮುಖ ಹಾಳಾಗಿತ್ತು. ಒಂದೇ ಮುಖದ ಐದು ಮೊನೆಗಳೂ ಒಂದೇ ಮಟ್ಟದಲ್ಲಿ ಕಿಟಕಿಗೆ ಎದುರಾಗಿದ್ದವು, ಎಷ್ಟೋ ವರ್ಷದ ಬಿಸಿಲು ಐದಕ್ಕೂ ಸಮನಾಗಿ ಬಡಿದಿತ್ತು. ರಟ್ಟು ಹಪ್ಪಳದಂತೆ ಡೊಂಕಾಗಿ, ಹಳದಿ ಎಂಬುದು ಹಳೇ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಗಣಿತದ ಮೇಡಂ ಷೆಡ್ಡು ಹುಡುಕಿಕೊಂಡು ಬಂದರು. ಹೊಸಬರು, ಮನೆಯ ವಿಷಯ ತಿಳಿಯದು. ಮುಳ್ಳಕ್ಕನ ಬಾಗಿಲಲ್ಲಿ ನಿಂತು ಮಾತಾಡಿದ್ದು ಎರಡು ಕಡೆಗೂ ಕೇಳಿಸಿತು.

"ಒಂದು ಮುಖ ಬದಲಾಯಿಸ್ಬೇಕು. ಒಳಗೆ ಹೇಗಿದೆಯೋ ಹಾಗೇ ಆಗ್ಬೇಕು. ನಿಮ್ಮಿಬ್ಬರಲ್ಲಿ ಯಾರಿಗೆ ಒಳಗಿನದು ಗೊತ್ತೋ ಅವರೇ ಮಾಡಿ. ಇನ್ಮುಂದೆ ಅದನ್ನ ನೋಡ್ಕೊಳ್ಳೋ ಜವಾಬ್ದಾರೀನೂ ಅವರಿಗೇ."

ಮುಳ್ಳಕ್ಕ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ಅಪ್ಪನ ನಕ್ಷತ್ರಕ್ಕೆ ಕೈ ಹಚ್ಚುವವರು ಯಾರು ಎನ್ನುವುದು ಅವಳಿಗೆ ಬರೀ ರಿಪೇರಿಯ ಮಾತಾಗಿರಲಿಲ್ಲ. ಅಪ್ಪನ ವಿದ್ಯೆಗೆ ನಿಜವಾದ ವಾರಸುದಾರ ಯಾರೆಂದು ನಾಲ್ಕು ಜನರ ಮುಂದೆ ತೀರ್ಮಾನವಾಗುವ ಗಳಿಗೆ ಅದು.

"ನನಗೆ ಗೊತ್ತು. ಒಳಗೆ ಪೂರ್ತಿ ಮುಖ ಇದೆ. ಬಿಚ್ಚಿ ತೋರಿಸ್ತೀನಿ," ಎಂದಳು.

ಗೋಡೆಯಾಚೆ ಏನೋ ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ಅವನ ದನಿ: "ಬಿಚ್ಚೋದು ಬೇಡ ಅಂತ ಹೇಳು. ಮೇಲಿಂದ ಐದು ಹಳದಿ ತ್ರಿಕೋನ ಅಂಟಿಸಿದ್ರೆ ಸಾಕು. ಒಳಗೆ ಕೈ ಹಾಕೋದು ಬೇಡ."

"ನೋಡಿದ್ರಾ ಮೇಡಂ? ಎಲ್ಲದಕ್ಕೂ ಗೋಂದು! ಬಿಚ್ಚಿದ್ರೆ ತನ್ನ ಬಣ್ಣ ಬಯಲಾಗುತ್ತೆ ಅಂತ ಹೆದರಿಕೆ," ಎಂದು ಮುಳ್ಳಕ್ಕ ಗೋಡೆಗೆ ಕೇಳುವಂತೆ ಹೇಳಿದಳು. ಗೋಡೆಗೆ ಚೆನ್ನಾಗಿಯೇ ಕೇಳಿಸಿರಬೇಕು.

ಅಪ್ಪನ ಅಳತೆಯ ತಗಡು ಅವಳ ಬಳಿಯಿತ್ತು. ಅದನ್ನಿಟ್ಟು ಹಳದಿ ರಟ್ಟಿನಲ್ಲಿ ಹೊಸ ಮುಖ ಕತ್ತರಿಸಿದಳು, ಸೀಳು ಎಳೆದಳು, ಅಂಚಿಗೆ ಮರಳುಕಾಗದ ಆಡಿಸಿದಳು. ಅಂಥ ಚೆಂದದ ಮುಖವನ್ನು ತಾನು ಈವರೆಗೆ ಕತ್ತರಿಸಿಲ್ಲ ಅನ್ನಿಸಿತು ಅವಳಿಗೆ. ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಕಾಲೇಜಿಗೆ ಹೊರಟಾಗ ಅವಳ ನಡಿಗೆ ನೋಡಿ ಬೀದಿಯವರು ದಾರಿ ಬಿಟ್ಟರು.

ಹಾಲಿನಲ್ಲಿ ಸುಣ್ಣದ ವಾಸನೆ. ಪುಸ್ತಕದ ಬೀರುಗಳಿಗೆ ಹಳೇ ಬಟ್ಟೆ ಹೊದಿಸಿದ್ದರು. ಓದುವ ಮೇಜಿನ ಮೇಲೆ ಪೇಪರು ಹಾಸಿ ನಕ್ಷತ್ರವನ್ನು ಇಟ್ಟಿದ್ದರು, ಪಕ್ಕದಲ್ಲಿ ಮೇಡಂ, ಏಣಿಯ ಬಳಿ ಜವಾನ. ಬೀರುವಿಗೆ ಒರಗಿ ಗೋಂದಣ್ಣನೂ ನಿಂತಿದ್ದ. ಅವನನ್ನು ಯಾರು ಕರೆದಿದ್ದರೋ. ಮುಳ್ಳಕ್ಕ ಅವನತ್ತ ನೋಡಲಿಲ್ಲ. ನೇರ ಮೇಜಿಗೆ ಬಂದು, ಬಟ್ಟೆ ಬಿಚ್ಚಿ, ಬ್ಲೇಡು ತೆಗೆದಳು. ನಕ್ಷತ್ರದ ಮುಳ್ಳುಗಳ ಬುಡಕ್ಕೆಲ್ಲ ಕಾಗದದ ತೆಳು ಪಟ್ಟಿ ಅಂಟಿಸಿ ಮೇಲೆ ವಾರ್ನಿಷ್ ಬಳಿದಿತ್ತು. ಅದನ್ನು ಸೀಳಿದರೇ ಒಳಗಿನದು ಕಾಣುವುದು.

"ಅಕ್ಕಾ," ಎಂದ ಗೋಂದಣ್ಣ.

ಹೆಂಡತಿಯ ಮೂಲಕವಲ್ಲ, ಗೋಡೆಯ ಮೂಲಕವಲ್ಲ. ಮುಳ್ಳಕ್ಕನ ಬ್ಲೇಡು ಗಾಳಿಯಲ್ಲೇ ನಿಂತಿತು.

"ಅಕ್ಕಾ, ಬಿಚ್ಚಬೇಡ. ನಿನಗೆ ಕೈ ಮುಗೀತೀನಿ. ನೀನೇ ಗೆದ್ದೆ ಅಂತ ಬರೆದುಕೊಡ್ತೀನಿ ಬೇಕಾದ್ರೆ. ಅದೊಂದನ್ನ ಹಾಗೇ ಬಿಡು."

ಎಷ್ಟೋ ವರ್ಷದ ಮೇಲೆ ಕಿವಿಗೆ ಬಿದ್ದ ಆ ಅಕ್ಕ ಎಂಬ ಮಾತು ಅವಳನ್ನು ಕರಗಿಸಬೇಕಿತ್ತು. ಕರಗಿಸಲಿಲ್ಲ, ಕೊಬ್ಬಿಸಿತು. ಶತ್ರು ಮಂಡಿಯೂರಿದ ಎಂದುಕೊಂಡಳು.

"ಈಗ ಅಕ್ಕ ನೆನಪಾದ್ಲಾ?" ಎಂದು ಬ್ಲೇಡು ಒತ್ತಿದಳು.

ಪಟ್ಟಿ ಚರ್ರೆಂದು ಬಿಟ್ಟುಕೊಂಡಿತು. ಹಳದಿ ಮುಖದ ಹೊಟ್ಟೆಯ ಮೇಲೆ ನಿಂತಿದ್ದ ಮುಳ್ಳಿನ ಐದು ಬದಿಗಳನ್ನು ಒಂದೊಂದಾಗಿ ಬಿಡಿಸಿ ಹೊರಕ್ಕೆ ಮಡಿಸಿದಳು, ಬಾಳೆಹೂವಿನ ಎಸಳು ಬಿಡಿಸುವ ಹಾಗೆ. ಬುಡದಲ್ಲಿ ಬೆಳಕು ಬಿತ್ತು. ಒಳಗೆ ಐದು ಮೂಲೆಯ ಹೊಟ್ಟೆ ಇತ್ತು. ಬಿಸಿಲು ಕಾಣದೆ ಕತ್ತಲಲ್ಲೇ ಕೂತ ಅದರ ಹಳದಿ ನಿನ್ನೆ ಬಳಿದಷ್ಟು ಹೊಸದಾಗಿತ್ತು. ಹೊರಗಿನ ಐದು ಮೊನೆ ಡೊಂಕಾಗಿ ಹಲ್ಲಿನ ಬಣ್ಣಕ್ಕೆ ಬಂದಿದ್ದರೆ ಅವುಗಳ ನಡು ಮಾತ್ರ ಹೊಳೆಯುತ್ತಿತ್ತು.

ಮೇಡಂ "ಅಬ್ಬಾ!" ಎಂದರು.

ಮುಳ್ಳಕ್ಕ ಗೋಂದಣ್ಣನ ಕಡೆಗೆ ತಿರುಗಿದಳು. "ಬಂದು ನೋಡೋ! ಹೊಟ್ಟೆ ಅಂದ್ರೆ ಇದು! ಯಾರೂ ನೋಡಲ್ಲ ಅಂತ ಗೊತ್ತಿದ್ರೂ ಅಪ್ಪ ಇಷ್ಟು ಚೆಂದಕ್ಕೆ ಮಾಡಿಟ್ಟಿದಾನೆ. ನೀನಿದೀಯ, ಬರೀ ಗಾಳಿ ತುಂಬಿ ಮಾರೋನು. ಅದೇ ಅಪ್ಪನ ಮಗ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗ್ಬೇಕು ನಿನಗೆ."

ಗೋಂದಣ್ಣ ಜಾಗ ಬಿಟ್ಟು ಕದಲಲಿಲ್ಲ. ಅವನ ಕಣ್ಣು ಬಿಚ್ಚಿದ ನಕ್ಷತ್ರದ ಮೇಲಿತ್ತು, ಮೈ ಬಿಸಿಯಿರುವ ಕೂಸನ್ನು ನೋಡುವವರ ಹಾಗೆ. ಅವಳ ಮಾತು ಅವನಿಗೆ ತಾಗಿತೋ ಇಲ್ಲವೋ.

ಅವಳು ಹಳೆಯ ಮುಖವನ್ನು ಮೊನೆ ಬಗ್ಗಿಸಿ ಹೊರಗೆಳೆದಳು. ಹೊಸದನ್ನು ಇಳಿಸಿದಳು. ಇಳಿಯಲಿಲ್ಲ. ಒಂದು ಮೊನೆ ಎತ್ತಿ ಇನ್ನೊಂದು ತೂರಿಸಿದಳು, ಅದೂ ಹೋಗಲಿಲ್ಲ. ಅಳತೆ ನೋಡಿದಳು. ಕರಾರುವಾಕ್ಕಾಗಿತ್ತು. ರಟ್ಟು ದಪ್ಪವಾಯಿತೇ ಎಂದು ಬೆರಳಲ್ಲಿ ಹಿಸುಕಿ ನೋಡಿದಳು. ಹೆಬ್ಬೆರಳಿಟ್ಟು ಒತ್ತಿದಳು. ನಕ್ಷತ್ರದ ಸೀಳೂ ಅವಳ ಸೀಳೂ ಒಂದೇ ಕಡೆ ಬಾಯಿ ತೆರೆದು, ಇನ್ನೊಂದು ಕಡೆ ಎದೆಗೆ ಎದೆ ಕೊಟ್ಟು ನಿಂತವು. ಈ ನಿಲುವನ್ನು ಅವಳು ಎಲ್ಲೋ ನೋಡಿದ್ದಳು. ಎಲ್ಲಿ ಎಂದು ನೆನಪಿಸಿಕೊಳ್ಳುತ್ತಲೇ ಮತ್ತೊಮ್ಮೆ ಒತ್ತಿದಳು.

"ತಿರುಗಿಸು," ಎಂದ ಗೋಂದಣ್ಣ ಬೀರುವಿನ ಬಳಿಯಿಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದೇ ಹೆಚ್ಚು ಸುಟ್ಟದ್ದು. "ನಿನ್ನ ಮುಖ ತಿರುಗಿಸಿ ಹಾಕಿದ್ರೆ ಮಾತ್ರ ಕೂಡುತ್ತೆ."

ಅವಳ ಕೈ ಅವಳನ್ನು ಕೇಳದೆಯೇ ರಟ್ಟನ್ನು ಮಗುಚಿತು. ಐದು ಸೀಳೂ ಟಕಟಕ ಕೂತವು. ಒಂದು ಕೂದಲಷ್ಟೂ ಸಂದಿಲ್ಲ. ಕೆಂಪು, ನೀಲಿ, ಹಸಿರುಗಳ ನಡುವೆ ಅವಳ ಮುಖ ಬೂದು ಬಣ್ಣವನ್ನು ಹೊರಗೆ ತೋರಿಸಿಕೊಂಡು ಕೂತಿತು. ಚೆಂದದ ಹಳದಿ ಒಳಗೆ ಹೋಯಿತು.

ಮೇಡಂಗೆ ಏನೂ ತಿಳಿಯಲಿಲ್ಲ. ಮುಳ್ಳಕ್ಕನಿಗೆ ಎಲ್ಲವೂ ತಿಳಿಯಿತು. ಅಪ್ಪನ ಕೈ ಜನ್ಮದಲ್ಲಿ ಎಡಕ್ಕೆ ಹೋದದ್ದಿಲ್ಲ. ಆ ಷೆಡ್ಡಿನಲ್ಲಿ ಎಡಸೀಳು ಎಳೆಯುವ ಕೈ ಒಂದೇ ಒಂದಿತ್ತು, ಅದಕ್ಕೆ ದಿನಾ ಬೆಳಿಗ್ಗೆ ಗಂಟು ಹಾಕುತ್ತಿದ್ದವಳು ಅವಳೇ.

"ನೀನು ಮಾಡಿದ್ದಾ?" ಎಂದಳು. ಬೈಗುಳವಿಲ್ಲದ ಮಾತು ಅವಳ ಬಾಯಲ್ಲಿ ಅಪರಿಚಿತವಾಗಿ ಕೇಳಿಸಿತು.

"ನೀನು ದೊಡ್ಡಮ್ಮನ ಮನೇಲಿದ್ದೆ. ಅಪ್ಪನ ಕೈ ನಡುಗೋಕೆ ಶುರುವಾಗಿತ್ತು, ಒಂದು ಸೀಳೂ ನೆಟ್ಟಗೆ ಬರ್ತಿರ್ಲಿಲ್ಲ. ಕಾಲೇಜಿನವರಿಗೆ ಮಾತು ಕೊಟ್ಟಾಗಿತ್ತು. ಆಗಿನ್ನೂ ಕಟ್ಟೇ ಇರ್ತಿತ್ತು ನನ್ನ ಎಡಗೈ, ಅದನ್ನ ಬಿಚ್ಚಿದ. ಹನ್ನೆರಡೂ ನಾನೇ ಕತ್ತರಿಸ್ದೆ. ಎಡಸೀಳು ಯಾರಿಗೂ ಕಾಣಬಾರದು ಅಂತ ಪಟ್ಟಿ ಅಂಟಿಸ್ದ. ಕೆಲಸ ಮುಗೀತು, ಮತ್ತೆ ಕಟ್ಟಿದ."

"ನನಗೆ ಒಂದು ಮಾತು ಹೇಳ್ಬಾರ್ದಿತ್ತೇನೋ?"

"ಹೇಳ್ದೆ. ನೀನು ಬಂದ ದಿನ, ಇದೇ ಹಾಲಲ್ಲಿ, ಇಲ್ಲೇ ನಿಂತ್ಕೊಂಡು. 'ಇದು ನಾನು ಮಾಡಿದ್ದು ಅಕ್ಕಾ' ಅಂದೆ. ಕತ್ತು ಕೆಳಗಿಳಿಸಿ ನನ್ನ ಮುಖಾನೂ ನೋಡ್ಲಿಲ್ಲ ನೀನು. 'ನಿನ್ನ ಎಡಗೈಲಾ?' ಅಂತ ನಕ್ಕೆ. ಅವತ್ತೇ ಬಿಟ್ಟೆ ನಾನು. ಹೊಟ್ಟೆ ಇಟ್ಟು ಏನಾಗ್ಬೇಕು, ಗಾಳಿ ಸಾಕು ಅಂತ."

ಅವಳಿಗೆ ಆ ದಿನ ನೆನಪಿತ್ತು. ನಕ್ಷತ್ರ ನೆನಪಿತ್ತು, ಕತ್ತು ನೋವು ನೆನಪಿತ್ತು, ಅಪ್ಪನ ಹೆಸರಿನ ಹಲಗೆ ನೆನಪಿತ್ತು. ಪಕ್ಕದಲ್ಲಿ ತಮ್ಮ ನಿಂತಿದ್ದ ಎನ್ನುವುದು ಎಷ್ಟು ತಡಕಾಡಿದರೂ ಸಿಗಲಿಲ್ಲ. ತಾನು ನಕ್ಕದ್ದೂ ನೆನಪಿಗೆ ಬಾರದಷ್ಟು ಹಗುರವಾಗಿ ನಕ್ಕಿದ್ದಳು.

"ನಾನು ಮಾಡಿದ್ದು ಅಂತ ನನಗೊಬ್ಬನಿಗೇ ಗೊತ್ತಿತ್ತು. ಅಷ್ಟು ಸಾಕಾಗಿತ್ತು," ಎಂದ ಅವನು. "ಅದನ್ನೂ ಬಿಚ್ಚಿ ಗಾಳಿಗಿಟ್ಟೆಯಲ್ಲ, ಈಗ ನೆಮ್ಮದಿಯಾಯ್ತಾ?"

ಉತ್ತರಕ್ಕೆ ಕಾಯದೆ ಸುಣ್ಣ ಚೆಲ್ಲಿದ ನೆಲದ ಮೇಲೆ ಹೆಜ್ಜೆ ಮೂಡಿಸುತ್ತ ಹೊರಟುಹೋದ.

ಮೇಡಂ ಮೆಲ್ಲಗೆ, "ಆ ಬೂದು ಕಡೆಗೆ ಹಳದಿ ಬಳಿದುಬಿಟ್ರೆ ಗೊತ್ತಾಗಲ್ಲ ಅಲ್ವಾ?" ಎಂದರು.

"ಗೊತ್ತಾಗಲ್ಲ," ಎಂದಳು ಮುಳ್ಳಕ್ಕ. "ಅದಕ್ಕೇ ಬಳಿಯಲ್ಲ."

ಬಿಡಿಸಿದ ಮುಳ್ಳನ್ನು ಮತ್ತೆ ಕೂಡಿಸಿದಳು. ಅವನ ಐದು ಮೊನೆಗಳು ಅವಳ ಹೊಟ್ಟೆಯ ಮೇಲೆ ಬಾಗಿ ತುದಿ ಸೇರಿಸಿಕೊಂಡವು. ಪಟ್ಟಿ ಅಂಟಿಸಲಿಲ್ಲ; ಹತ್ತಿರ ಬಂದು ನೋಡಿದರೆ ಎಡಸೀಳು ಯಾರಿಗಾದರೂ ಕಾಣುವಂತೆ ಬಿಟ್ಟಳು. ಜವಾನ ಏಣಿ ಹತ್ತಿ ನಕ್ಷತ್ರವನ್ನು ಕೊಕ್ಕೆಗೆ ಏರಿಸಿದ. ಇಳಿದು ಬಂದವನು ಸುಣ್ಣಕ್ಕೆಂದು ತೆಗೆದಿಟ್ಟಿದ್ದ ಅಪ್ಪನ ಹೆಸರಿನ ಹಲಗೆಯನ್ನು ತೋಳಿನಿಂದ ಒರೆಸುತ್ತ, ಕತ್ತೆತ್ತಿ ನೋಡಿ ಕೇಳಿದ:

"ಎಲ್ಲಾ ಬಣ್ಣಬಣ್ಣಕ್ಕಿದೆ. ಅದೊಂದ್ಯಾಕಮ್ಮ ಹಂಗೆ ಸಪ್ಪಗಿದೆ?"

"ಅದು ನಾನು ಹಾಕಿದ್ದು."

"ಉಳಿದಿದ್ದು ನಿಮ್ಮ ಅಪ್ಪಾರದ್ದು, ಅಲ್ವಾ?"

ಮುಳ್ಳಕ್ಕ ಹಲಗೆಯನ್ನು ಅವನ ಕೈಯಿಂದ ತೆಗೆದುಕೊಂಡು ಕಂಕುಳಲ್ಲಿಟ್ಟುಕೊಂಡಳು, ಬರುವಾಗ ಹಳದಿ ಮುಖ ಇಟ್ಟುಕೊಂಡಿದ್ದ ಜಾಗದಲ್ಲಿ. "ಅಲ್ಲ," ಎಂದಳು. "ನನ್ನ ತಮ್ಮಂದು."

ಮನೆಗೆ ಬಂದವಳು ಹಲಗೆಯನ್ನು ತನ್ನ ಮೇಜಿನ ಮೇಲಿಟ್ಟು ಕೂತಳು. ಗೋಡೆಯಾಚೆ ಕತ್ತರಿಯ ಸದ್ದು ಕೇಳಿಸುತ್ತಿತ್ತು. ಅವನು ತ್ರಿಕೋನ ಕತ್ತರಿಸುತ್ತಿದ್ದ. ಅರ್ಧ ಕಿಟಕಿಯ ಬೆಳಕು ಪ್ಲೈವುಡ್ಡಿನ ಮೇಲೆ ಬಿದ್ದಿತ್ತು. ಅವಳು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಆಮೇಲೆ ಗೋಡೆಗೆ ಹತ್ತಿರವಾಗಿ ಕರೆದಳು:

"ತಮ್ಮಾ."

ಕತ್ತರಿ ನಿಂತಿತು. ಅವಳು ಕಾದಳು, ಕಾಯುವುದು ಅವಳಿಗೆ ರೂಢಿಯಿಲ್ಲದ ಕೆಲಸ.

"ಕೇಳಿಸ್ತು ಅಂತ ಹೇಳು," ಎಂದ ಅವನು ಕೊನೆಗೆ.

ಹೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅವನ ಹೆಂಡತಿ ಅಂಗಳದ ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದಳು.